ಎರಡನೆಯ ಕಾರ್ಡು

ವಿಜಯವಾಡ,
30 ಜೂನ್ 1986

ಹೈಮಾ,

ಎಪ್ಪತ್ತು ಕಥೆಗಳೂ ಅಚ್ಚಾಗಿ ಬೈಂಡಿಂಗಿಗೆ ಹೋದವು. ಪುಸ್ತಕಕ್ಕೆ ‘ಕಾರ್ಡಿನಷ್ಟೇ ಕಥೆ’ ಎಂದೇ ಹೆಸರಿಟ್ಟಿದ್ದೇನೆ. ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸಬೇಕು, ಹಿಡಿಸದಿದ್ದರೆ ನನಗೆ ಬೇಡ ಎಂದು ಎಷ್ಟು ಲೇಖಕರೊಡನೆ ಜಗಳವಾಡಿದೆನೋ! ಈಗ ಬಂದಿರುವ ಕಷ್ಟ ಬೇರೆ. ಏಲೂರು ರಸ್ತೆಯ ಪುಸ್ತಕದಂಗಡಿಯವರಿಗೆ ಮಾದರಿ ಪ್ರತಿ ತೋರಿಸಿದರೆ ಒಬ್ಬ ಹೇಳುತ್ತಾನೆ, “ರಾಯರೇ, ಕನ್ನಡಕ ಹಾಕ್ಕೊಳ್ಳೋಷ್ಟ್ರಲ್ಲಿ ಕಥೆ ಮುಗಿದೇ ಹೋಯ್ತಲ್ಲ! ಜನ ಅಂಗಡೀಲೇ ನಿಂತು ಓದಿ, ವಾಪಸ್ಸಿಟ್ಟು ಹೋಗ್ತಾರೆ ಅಷ್ಟೆ.” ಇನ್ನೊಬ್ಬ ಮಕ್ಕಳ ಪುಸ್ತಕಗಳ ಸಾಲಿನಲ್ಲಿ ಇಡುತ್ತೇನೆಂದ. ಹೊಟ್ಟೆ ಉರಿದುಹೋಯಿತು.

ಅದಕ್ಕೇ ಒಂದು ಉಪಾಯ ಹೂಡಿದ್ದೇನೆ. ‘ನಿಮ್ಮ ಕಥೆಯನ್ನು ಯಾರು ಓದಬೇಕೆಂದು ನಿಮಗೆ ಆಸೆ?’ ಎಂದು ಕೇಳಿ ಲೇಖಕರಿಂದ ಐದೈದು ವಿಳಾಸ ತರಿಸಿಕೊಂಡಿದ್ದೆನಲ್ಲ, ಆ ವಿಳಾಸಗಳಿಗೆ ಅವರವರ ಕಥೆಯನ್ನೇ ಕಾರ್ಡಿನ ಮೇಲೆ ಕೈಯಲ್ಲಿ ಬರೆಸಿ ಕಳಿಸುತ್ತಿದ್ದೇನೆ. ಪುಸ್ತಕದ ಹೆಸರಿಲ್ಲ, ಬರೆದವರ ಹೆಸರಿಲ್ಲ, ಕಥೆಯ ಕೊನೆಯ ಸಾಲೂ ಇಲ್ಲ. ಓದಿದವರು ತಲೆ ಕೆರೆದುಕೊಳ್ಳಬೇಕು. ಎರಡು ವಾರ ಬಿಟ್ಟು ಎರಡನೆಯ ಕಾರ್ಡು, ಅದರಲ್ಲಿ ಕೊನೆಯ ಸಾಲು ಮಾತ್ರ. ಮೂರನೆಯದು ಬಿಡುಗಡೆಯ ಆಹ್ವಾನ. ಇಪ್ಪತ್ತೇಳನೇ ತಾರೀಖು ಭಾನುವಾರ ಸಂಜೆಗೆ ಗ್ರಂಥಾಲಯದ ಹಾಲ್ ಹೇಳಿಟ್ಟಿದ್ದೇನೆ.

ಮೊದಲ ಕಾರ್ಡುಗಳು ಇವತ್ತು ಬೆಳಿಗ್ಗೆ ಹೊರಟವು. ಅಮ್ಮ ಕೂತು ಪ್ರತಿ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದಳು. “ಮದುವೆ ಕಾಗದಕ್ಕೆ ಹಚ್ಚಲ್ವೇನೋ? ನಿನ್ನ ಪುಸ್ತಕ ಏನು ಕಮ್ಮಿ?” ಎಂದಳು. ನಾನೂ ಬೇಡವೆನ್ನಲಿಲ್ಲ.

ಮುಖಸ್ತುತಿಯಲ್ಲ ಹೈಮಾ, ಎಪ್ಪತ್ತರಲ್ಲಿ ನಿನ್ನದೇ ಮೇಲು. ಆ ಕೊನೆಯ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ಬಿಡುಗಡೆಯ ದಿನ ನೀನೇ ವೇದಿಕೆಯ ಮೇಲೆ ನಿಂತು ಅದನ್ನು ಓದಬೇಕು. ಹನ್ನೆರಡು ವರ್ಷದ ಮೇಲೆ ನಾನು ಬರೆದ ಕಾಗದಕ್ಕೆ ನೀನು ಬರೀ ಕಥೆ ಕಳಿಸಿದೆ. ಕ್ಷೇಮವೇ ಎಂದು ಒಂದಕ್ಷರ ಕೇಳಲಿಲ್ಲ. ಸಿಟ್ಟು ಇನ್ನೂ ಇದೆಯೆಂದು ತಿಳಿಯಿತು. ಇರಲಿ, ಬಂದು ಬೈದು ಹೋಗು.

ನಿನ್ನ ಭಾವ,
ಪಾನಕಾಲರಾವು


ತೆನಾಲಿ,
5 ಜುಲೈ 1986

ಭಾವ,

ನನ್ನ ಎರಡನೆಯ ಕಾರ್ಡನ್ನು ನಿಲ್ಲಿಸು. ಬೇರೆಯವರದನ್ನು ಏನಾದರೂ ಮಾಡಿಕೋ. ನಾನು ಕೊಟ್ಟ ಐದು ವಿಳಾಸಗಳಲ್ಲಿ ನಾಲ್ಕು ಬೇರೆ ಊರಿನವು, ಅವಕ್ಕೂ ಚಿಂತೆಯಿಲ್ಲ. ಐದನೆಯದು ನಮ್ಮ ಬೀದಿಯ ಅಲಿವೇಲುವಿನದು. ಆ ಮನೆಗೆ ನಿನ್ನಿಂದ ಇನ್ನೊಂದು ಅಕ್ಷರವೂ ಬರಬಾರದು.

ಅಲಿವೇಲು ನಮ್ಮ ಎದುರು ಮನೆಯವಳು. ನಾಟಕದ ಕಂಪನಿಗಳಿಗೆ ಉಡುಪು ಹೊಲಿಯುತ್ತಾಳೆ, ಕಿರೀಟಕ್ಕೆ ಜರಿ ಕೂರಿಸುತ್ತಾಳೆ. ಅವಳ ಗಂಡ ಶೇಷಗಿರಿ ಹಾರ್ಮೋನಿಯಂ ಬಾರಿಸುತ್ತಿದ್ದವನು. ಎಂಟೊಂಬತ್ತು ವರ್ಷದ ಹಿಂದೆ ಯಾವುದೋ ಮೇಳದ ಜೊತೆ ಹಾರ್ಮೋನಿಯಂ ಹೊತ್ತುಕೊಂಡು ಹೋದವನು ತಿರುಗಿ ಬರಲಿಲ್ಲ. ಅದರ ಗವಸನ್ನು ಮರೆತು ಹೋಗಿದ್ದ. ಅದು ಅವಳ ಬಾಗಿಲ ಪಕ್ಕದ ಗೂಟದಲ್ಲಿ ಇವತ್ತಿಗೂ ನೇತಾಡುತ್ತಿದೆ. ನಾನು ಅವಳ ಮನೆಯಲ್ಲಿ ಕಾಫಿ ಕುಡಿಯುತ್ತ ಕೂತು ನೋಡಿದ್ದನ್ನೇ ಕಾರ್ಡಿಗೆ ಹಾಕಿದೆ. ಕಥೆಯ ಕೆಳಗೆ ‘ಕಟ್ಟಿದ ಕಥೆ’ ಎಂದು ಬರೆದಿದ್ದೆನಲ್ಲ, ಅದು ಅರ್ಧ ನಿಜ.

ಈಗ ಕೇಳು. ಬೀದಿಯ ತುದಿಯಲ್ಲಿ ಸೈಕಲ್ ಅಂಗಡಿಯ ಬಸವಪುನ್ನಯ್ಯ ಇದ್ದಾನೆ. ಹೆಂಡತಿ ತೀರಿಕೊಂಡವನು, ಒಳ್ಳೆಯವನು. ಅಲಿವೇಲುವಿನ ‘ಹೂಂ’ಗಾಗಿ ಎರಡು ವರ್ಷ ಕಾದ. ಅವಳು ವಕೀಲರನ್ನು ಹಿಡಿದು ಕೋರ್ಟಿನಿಂದ ವಿಚ್ಛೇದನದ ಕಾಗದ ಮಾಡಿಸಿಕೊಂಡು, ಹೋದ ತಿಂಗಳಷ್ಟೇ ಒಪ್ಪಿದಳು. ಆಷಾಢ ಕಳೆದು ಶ್ರಾವಣದಲ್ಲಿ ರಿಜಿಸ್ಟರ್ ಮದುವೆ ಎಂದು ಮಾತಾಗಿತ್ತು.

ಗುರುವಾರ ಪೋಸ್ಟ್‌ಮ್ಯಾನ್ ದಸ್ತಗಿರಿ ನಿನ್ನ ಕಾರ್ಡು ತಂದ. ನಮ್ಮ ಬೀದಿಯಲ್ಲಿ ಕಾರ್ಡೆಂದರೆ ಎಲ್ಲರ ಸೊತ್ತು. ಅವನು ಬೇವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿ ದೊಡ್ಡ ದನಿಯಲ್ಲಿ ಓದುತ್ತಾನೆ.

“ಅಲಿವೇಲಮ್ಮಾ! ಅರಿಶಿನ ಹಚ್ಚಿದ ಕಾಗದ ಬಂದಿದೆ, ಬಾ, ಬಾ! ‘ಹಾರ್ಮೋನಿಯಂ ಗವಸು ಇನ್ನೂ ಗೂಟದಲ್ಲೇ ಇದೆಯಾ? ಬಿಸಾಡಬೇಡ. ತಿದಿ ಹರಿದಿದೆ. ಊರೂರು ಅಲೆದು ನನಗೂ ಸಾಕಾಗಿದೆ. ಹಬ್ಬಗಳು ಶುರುವಾಗುವ ಮೊದಲು ಬರುತ್ತೇನೆ. ಬಾಗಿಲು ನಾನೇ ತೆಗೆದುಕೊಳ್ಳುತ್ತೇನೆ, ನೀನು ಏಳಬೇಡ.’ ಅಷ್ಟೇ ಇರೋದು. ಹೆಸರಿಲ್ಲ, ಏನಿಲ್ಲ.”

ಪಕ್ಕದ ಮನೆಯ ಕೋಟಮ್ಮ, “ಹೆಸರ್ಯಾಕೆ ಬೇಕು? ಇನ್ಯಾರು ಬರೀತಾರೆ ಗವಸಿನ ವಿಷಯ?” ಎಂದಳು. ಅಲಿವೇಲು ಕಾರ್ಡಿನ ಮೂಲೆಯ ಅರಿಶಿನವನ್ನು ಬೆರಳಿನಲ್ಲಿ ಸವರಿ, “ಅರಿಶಿನ ಹಚ್ಚಿ ಯಾರಾದ್ರೂ ಸುಳ್ಳು ಬರೀತಾರಾ?” ಎಂದಳು. ಸಂಜೆಗೆ ಪುನ್ನಯ್ಯನನ್ನು ಕರೆಸಿ, “ಮದುವೆ ಬೇಡ, ಅವರು ಬರ್ತಿದ್ದಾರೆ” ಎಂದು ಹೇಳಿ ಕಳಿಸಿಬಿಟ್ಟಳು.

ಕಥೆಯ ಕೊನೆಯ ಸಾಲು ನಿನಗೆ ಬಾಯಿಪಾಠವಿದೆ. ‘ಇಷ್ಟು ಬರೆದು, ತನ್ನದೇ ವಿಳಾಸ ಹಾಕಿ, ಅವಳು ಕಾರ್ಡನ್ನು ಅಂಚೆಡಬ್ಬಿಗೆ ಹಾಕಿ ಬಂದಳು.’ ಇದನ್ನು ದಸ್ತಗಿರಿ ಬೇವಿನ ಮರದ ಕೆಳಗೆ ಓದಿದರೆ ಬೀದಿಯವರು ಏನು ತಿಳಿದುಕೊಳ್ಳುತ್ತಾರೆ? ಅಲಿವೇಲು ತನಗೆ ತಾನೇ ಬರೆದುಕೊಂಡಳು ಎಂದು. ಅವಳು ತಲೆ ಎತ್ತಿ ತಿರುಗುವಂತಿಲ್ಲ.

ಅವಳ ವಿಳಾಸ ಯಾಕೆ ಕೊಟ್ಟೆ ಎಂದು ಕೇಳುತ್ತೀಯ. ಅವಳಿಗೆ ಪುಸ್ತಕ ಕಳಿಸುತ್ತೀಯೆಂದುಕೊಂಡೆ. ಅವಳಾಗಿ ಓದಿ ತಿಳಿದುಕೊಂಡರೆ ನಾನು ಬಾಯಿಬಿಟ್ಟು ಹೇಳುವುದು ತಪ್ಪುತ್ತದೆಯಲ್ಲ. ಹೇಡಿ ಬುದ್ಧಿ.

ಕೂಡಲೇ ಉತ್ತರ ಬರೆ.

ಹೈಮ


ವಿಜಯವಾಡ,
8 ಜುಲೈ 1986

ಹೈಮಾ,

ನೀನು ಬೈದರೂ ಸರಿ, ನಿನ್ನ ಕಾಗದ ಓದಿ ಮೊದಲು ನನಗೆ ರೋಮಾಂಚನವಾಯಿತು. ನಾಲ್ಕು ಸಾಲಿನ ಕಥೆ ಒಂದು ಮದುವೆಯನ್ನೇ ನಿಲ್ಲಿಸುತ್ತದೆಯೆಂದರೆ ಏಲೂರು ರಸ್ತೆಯವರಿಗೆ ಇನ್ನೇನು ಉತ್ತರ ಬೇಕು? ನಿಜ ಹೇಳು, ನಿನಗೂ ಒಳಗೊಳಗೇ ಒಂದಿಷ್ಟು ಹೆಮ್ಮೆಯಾಗಲಿಲ್ಲವೇ? ಪತ್ರಿಕೆಯಲ್ಲಿರುವ ಗೆಳೆಯನೊಬ್ಬನ ಕಿವಿಗೆ ಹೆಸರು, ಊರು ಹೇಳದೆ ಸುಮ್ಮನೆ ಹಾಕಿದೆ. “ಇದನ್ನ ಬರೆದ್ರೆ ನಿನ್ನ ಪುಸ್ತಕ ವಾರದಲ್ಲಿ ಖಾಲಿಯಾಗುತ್ತೆ ಕಣಯ್ಯಾ” ಎಂದು ಬೆನ್ನುಬಿದ್ದಿದ್ದಾನೆ. ಸದ್ಯಕ್ಕೆ ಬೇಡವೆಂದಿದ್ದೇನೆ.

ಮುಖ ಸಿಂಡರಿಸಬೇಡ. ಅಲಿವೇಲುವಿನ ಎರಡನೆಯ ಕಾರ್ಡು ಹೋಗುವುದಿಲ್ಲ, ಮಾತು ಕೊಟ್ಟೆ. ಆದರೆ ಕಾರ್ಡು ತಡೆದರೆ ಎಲ್ಲ ಸರಿಹೋಯಿತೇ? ಅವಳು ಬರದವನಿಗಾಗಿ ಕಾಯುತ್ತ ಕೂರುತ್ತಾಳೆ. ಬಂದವನು ಬಾಗಿಲಿನಿಂದ ಹಿಂದಕ್ಕೆ ಹೋಗುತ್ತಾನೆ. ಎದುರು ಮನೆಯ ಬಾಗಿಲು ದಾಟಿ ಹೋಗಿ ಹೇಳುವುದು ನಿನ್ನ ಕೆಲಸ. ಅದನ್ನು ನಾನು ವಿಜಯವಾಡದಿಂದ ಮಾಡಲಾರೆ.

ಪಾನಕಾಲು


ತೆನಾಲಿ,
11 ಜುಲೈ 1986

ಭಾವ,

ನನ್ನ ಕೆಲಸ ಯಾವುದೆಂದು ನನಗೆ ಗೊತ್ತು. ಬಿಟ್ಟುಹೋಗುವ ವಿಷಯದಲ್ಲಿ ನೀನು ಯಾರಿಗೂ ಪಾಠ ಹೇಳಬೇಡ. ಆ ಪತ್ರಿಕೆಯವನಿಗೆ ಒಂದಕ್ಷರ ಹೇಳಿದರೂ ನಿನ್ನ ಮುಖ ನೋಡುವುದಿಲ್ಲ.

ದಿನವೂ ಸಂಜೆ ಅಲಿವೇಲು ಕಾರ್ಡು ಹಿಡಿದು ನಮ್ಮ ಮನೆಗೆ ಬರುತ್ತಾಳೆ. ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಅವಳಿಗೆ ಅದು ಸಾಲದು. “ಇನ್ನೊಂದ್ಸಲ ಓದೇ ಹೈಮಾ, ನೀನು ಓದಿದ್ರೆ ಅವರೇ ಮಾತಾಡಿದ ಹಾಗಿರುತ್ತೆ.” ನಾನು ಬರೆದದ್ದನ್ನೇ ನಾನು ಅವಳಿಗೆ ಓದಿ ಹೇಳುತ್ತೇನೆ. ‘ನೀನು ಏಳಬೇಡ’ ಎನ್ನುವಲ್ಲಿಗೆ ಬಂದರೆ ಅವಳು ನಗುತ್ತಾಳೆ. “ಯಾವತ್ತೂ ಬಾಗಿಲು ತಾವೇ ತೆಗೆದೋರಲ್ಲ. ಅಲೆದಲೆದು ಬುದ್ಧಿ ಬಂದಿದೆ ಪಾಪ” ಎಂದಳು ನಿನ್ನೆ. ಇವತ್ತು ಮನೆಗೆ ಸುಣ್ಣ ಹೊಡೆಸಿದಳು. ಗವಸನ್ನು ಒಗೆದು ಹಗ್ಗದ ಮೇಲೆ ಒಣಹಾಕಿದ್ದಳು. ನಾನು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವಳ ಮುಖ ನೋಡಿ ಬೇರೆ ಏನೋ ಮಾತಾಡಿದೆ.

ಪುನ್ನಯ್ಯನೂ ಬಂದಿದ್ದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತ. “ಟೀಚರಮ್ಮಾ, ನೀವು ಓದಿದೋರು. ಆ ಕಾರ್ಡು ನೋಡಿದ್ರಲ್ಲ, ನಿಮಗೇನನ್ಸುತ್ತೆ? ನಿಜವಾಗ್ಲೂ ಬರ್ತಾನಾ ಅವ್ನು?” ಎಂದ.

“ನನಗೇನು ಗೊತ್ತು ಪುನ್ನಯ್ಯ?” ಎಂದೆ.

“ಬಂದ್ರೆ ಒಳ್ಳೇದೇ ಬಿಡಿ. ಬರದೇ ಹೋದ್ರೆ ಅವಳು ತಡ್ಕೊಳ್ಳಲ್ಲ, ಅದೇ ಭಯ ನಂಗೆ” ಎಂದು ಹೇಳಿ ಹೋದ. ತನ್ನ ಮದುವೆ ಮುರಿದುಬಿದ್ದ ಮಾತೇ ಅವನ ಬಾಯಲ್ಲಿ ಬರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಅತ್ತೆ.

ನಾಳಿದ್ದು ಭಾನುವಾರ ಹೇಳುತ್ತೇನೆ. ಖಂಡಿತ ಹೇಳುತ್ತೇನೆ. ಅಷ್ಟರೊಳಗೆ ಕಾರ್ಡು ತೆಗೆದಿದ್ದೇನೆಂದು ನಿನ್ನಿಂದ ಒಂದು ಸಾಲು ಬರಲಿ.

ಹೈಮ


ವಿಜಯವಾಡ,
14 ಜುಲೈ 1986

ತೆಗೆದಾಯಿತು. ನಿಶ್ಚಿಂತೆಯಾಗಿರು.

ಪಾ.


ತೆನಾಲಿ,
17 ಜುಲೈ 1986

ಪಾನಕಾಲರಾವು ಅವರಿಗೆ,

ನಿಮ್ಮ ‘ತೆಗೆದಾಯಿತು’ ಎಂಬ ಕಾರ್ಡೂ, ತೆಗೆಯದ ಕಾರ್ಡೂ ಇವತ್ತು ಒಂದೇ ಚೀಲದಲ್ಲಿ ಬಂದವು. ದಸ್ತಗಿರಿ ಮೊದಲು ನನ್ನದನ್ನು ಕೈಗೆ ಕೊಟ್ಟ, ಆಮೇಲೆ ಮರದ ಕೆಳಗೆ ಹೋದ.

ಭಾನುವಾರ ನಾನು ಹೇಳಲಿಲ್ಲ. ಅದನ್ನೂ ಬರೆದುಬಿಡುತ್ತೇನೆ. ಸುಣ್ಣದ ವಾಸನೆಯ ಆ ಮನೆಯಲ್ಲಿ ಕೂತು, ಅವಳು ಕೊಟ್ಟ ತಿಂಡಿ ತಿಂದು, ಎದ್ದು ಬಂದೆ.

ಮಧ್ಯಾಹ್ನ ಊಟಕ್ಕೆಂದು ಶಾಲೆಯಿಂದ ಮನೆಗೆ ಬಂದಿದ್ದೆ. ಮೊದಲ ಕಾರ್ಡು ಬಂದಾಗಿನಿಂದ ದಸ್ತಗಿರಿಯ ಗಂಟೆ ಕೇಳಿದರೆ ಸಾಕು, ಬೀದಿಯ ಹೆಂಗಸರೆಲ್ಲ ಹೊರಗೆ ಬರುತ್ತಾರೆ. ಅಲಿವೇಲು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಓಡಿಬಂದಳು. “ಓದು ದಸ್ತಗಿರಿ, ಯಾವ ರೈಲಿಗೆ ಬರ್ತಾರಂತೆ?”

ಅವನು ಕಾರ್ಡನ್ನು ಮನಸ್ಸಿನಲ್ಲೇ ಓದಿಕೊಂಡ. “ಆಮೇಲೆ ಓದ್ತೀನಿ ಬಿಡು ತಾಯಿ” ಎಂದು ಚೀಲಕ್ಕೆ ಹಾಕಲು ಹೋದ. ಕೋಟಮ್ಮ ಬಿಡಲಿಲ್ಲ. ಕೈಯಿಂದ ಕಸಿದುಕೊಂಡು ತಾನೇ ಓದಿದಳು. “‘ಇಷ್ಟು ಬರೆದು, ತನ್ನದೇ ವಿಳಾಸ ಹಾಕಿ, ಅವಳು ಕಾರ್ಡನ್ನು…’ ಅಯ್ಯೋ ನಮ್ಮಪ್ಪಾ! ಅದು ಇವಳೇ ಬರ್ಕೊಂಡಿದ್ದಾ?”

“ಮುದ್ರೆ ವಿಜಯವಾಡದ್ದು! ತಿಂಗಳಿಗೊಂದ್ಸಲ ಜರಿ ತರ್ತೀನಿ ಅಂತ ಅಲ್ಲಿಗೆ ಹೋಗೋದು ಇದಕ್ಕೇನಾ?” ಎಂದಳು ಇನ್ನೊಬ್ಬಳು. “ಗಂಡ ಬರೀದೇ ಇದ್ರೇನಂತೆ, ನಾವೇ ಬರ್ಕೊಂಡ್ರಾಯ್ತು! ಅರಿಶಿನಾನೂ ಹಚ್ಕೊಂಡಿದ್ಲಲ್ರೇ!” ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು.

ಅಲಿವೇಲು, “ನಾನಲ್ಲ… ನಾನ್ಯಾಕೆ…” ಎನ್ನುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಾನು ನನ್ನ ಬಾಗಿಲ ಹಿಂದೆ ನಿಂತಿದ್ದೆ.

ಗದ್ದಲ ಕೇಳಿ ಪುನ್ನಯ್ಯ ಬಂದ. ಕೈಯೆಲ್ಲ ಗ್ರೀಸು. ಕಾರ್ಡು ಇಸಿದುಕೊಂಡು ಮೇಲೆ ಕೆಳಗೆ ನೋಡಿ, “ನಗಬೇಡಿ. ಇದನ್ನ ಬರೆದೋನು ನಾನು” ಎಂದ.

“ನೀನಾ? ನಿನ್ನ ಮದುವೆ ನೀನೇ ಕೆಡಿಸ್ಕೊಂಡ್ಯಾ?” ಎಂದು ಕೋಟಮ್ಮ ಕೇಳಿದಳು.

“ಹೂಂ. ಎರಡೂ ನಾನೇ ಬರೆಸಿದ್ದು. ಅವಳ ಮನಸ್ಸು ಗಟ್ಟಿಯಿದ್ಯೋ ಇಲ್ವೋ ನೋಡೋಣ ಅಂತ. ತಮಾಷೆಗೆ.”

ಅಲಿವೇಲು ಅವನ ಕೆನ್ನೆಗೆ ಹೊಡೆದಳು. ಕೈ ಬಿಗಿದು ಹೊಡೆದಳು. ಅವನು ಮುಖ ತಿರುಗಿಸಲಿಲ್ಲ. “ಇನ್ನೊಂದು ಹೊಡೀ ಪರ್ವಾಗಿಲ್ಲ. ಒಳಗೆ ಹೋಗು ನೀನು” ಎಂದ.

ಆಗ ನಾನು ಹೊರಗೆ ಬಂದೆ. ಹೇಗೆ ಬಂದೆನೋ ತಿಳಿಯದು. “ಅವನಲ್ಲ, ಅವಳೂ ಅಲ್ಲ. ನಾನು ಬರೆದದ್ದು. ಅದು ಕಾಗದವಲ್ಲ, ಕಥೆ” ಎಂದೆ. ಯಾರಿಗೂ ಅರ್ಥವಾಗಲಿಲ್ಲ. “ಕಥೇನಾ? ಇಷ್ಟೇ ಇಷ್ಟಾ?” ಎಂದಳು ಕೋಟಮ್ಮ. ಪುಸ್ತಕ, ವಿಜಯವಾಡ, ಮೂರು ಕಾರ್ಡು ಎಲ್ಲ ಹೇಳಿದೆ. ನನ್ನ ದನಿ ತರಗತಿಯಲ್ಲಿ ಪಾಠ ಹೇಳುವ ದನಿಯ ಹಾಗೇ ಇತ್ತು. ನನಗೇ ಅಸಹ್ಯವಾಯಿತು.

ಅಲಿವೇಲು ಕೇಳಿದ್ದು ಒಂದೇ. “ಹೈಮಾ, ನಂಗೆ ನಾನೇ ಕಾಗದ ಬರ್ಕೊಳ್ಳೋವಷ್ಟು ಗತಿಗೆಟ್ಟಿದ್ನಾ ನಾನು? ಇಷ್ಟು ವರ್ಷದಲ್ಲಿ ಒಂದಿನಾದ್ರೂ ನೀನು ಕಂಡಿದ್ಯಾ?” ಎಂದು. ಇಲ್ಲವೆಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನು ನಿಮಗೆ ಬರೆಯುವುದು ಏನೂ ಇಲ್ಲ.

ಹೈಮವತಿ


ವಿಜಯವಾಡ,
20 ಜುಲೈ 1986

ಹೈಮಾ,

ನೀನು ಬಹುವಚನ ಹಚ್ಚಿದ್ದು ಬೈಗುಳಕ್ಕಿಂತ ಹೆಚ್ಚು ನಾಟಿತು. ನನಗೆ ಅದು ತಕ್ಕದ್ದೇ.

‘ತೆಗೆದಾಯಿತು’ ಎಂದು ಬರೆಯುವಾಗ ನಾನು ಇನ್ನೂ ತೆಗೆದಿರಲಿಲ್ಲ. ಕಾರ್ಡುಗಳ ದೊಡ್ಡ ಕಟ್ಟು, ಅದನ್ನು ಬಿಚ್ಚಿ ಹುಡುಕಬೇಕಿತ್ತು. ಮೊದಲು ನಿನಗೆ ಸಮಾಧಾನ ಹೇಳಿಬಿಡೋಣ, ಆಮೇಲೆ ಹುಡುಕಿದರಾಯಿತು ಎಂದುಕೊಂಡೆ. ಪ್ರೆಸ್ಸಿನಿಂದ ಕರೆ ಬಂತು, ಹೋದೆ. ತಿರುಗಿ ಬರುವಷ್ಟರಲ್ಲಿ ಅಮ್ಮ ಕಟ್ಟನ್ನು ಅಂಚೆ ಕಚೇರಿಗೆ ಕಳಿಸಿಯಾಗಿತ್ತು. ಓಡಿಹೋಗಿ ಕೇಳಿದೆ, ಚೀಲ ರೈಲಿಗೆ ಹೋಗಿದೆ ಎಂದರು. ಅಲ್ಲಿಂದಲೇ ತಂತಿ ಕೊಡಬಹುದಿತ್ತು. ಅದೊಂದು ಕಾರ್ಡು ಹೇಗೂ ದಾರಿ ತಪ್ಪೀತು ಎಂದು ಸುಮ್ಮನಾದೆ. ನನ್ನ ಬಾಳೆಲ್ಲ ಹೀಗೇ, ಮೊದಲು ಮಾತು ಕೊಡುವುದು, ಕೆಲಸ ಆಮೇಲೆ. ನಿನಗೆ ಗೊತ್ತಿಲ್ಲದ್ದೇನಲ್ಲ.

ನಾನು ತೆನಾಲಿಗೆ ಬಂದು ಅವಳ ಕಾಲು ಹಿಡಿಯಲೇ? ಕಥೆಯನ್ನು ಪುಸ್ತಕದಿಂದ ತೆಗೆಯಲೇ? ಸಾವಿರ ಪ್ರತಿಯೂ ಬೈಂಡಿಂಗ್ ಆಗಿ ಮನೆಯಲ್ಲಿ ಬಿದ್ದಿವೆ. ಹಾಳೆ ಹರಿದರೆ ಹಿಂಬದಿಯ ಕಥೆಯೂ ಹೋಗುತ್ತದೆ. ಅದು ನರಸರಾವುಪೇಟೆಯ ಮುದುಕರೊಬ್ಬರದು, ಅವರ ಮೊದಲ ಕಥೆ. ಆದರೂ ನೀನು ಹೇಳಿದಂತೆ ಮಾಡುತ್ತೇನೆ. ಮೂರನೆಯ ಕಾರ್ಡು ನಿಮ್ಮ ಬೀದಿಗೆ ಬರುವುದಿಲ್ಲ. ಈ ಸಲ ತೆಗೆದು, ಹರಿದು, ಒಲೆಗೆ ಹಾಕಿ, ಆಮೇಲೆ ಬರೆಯುತ್ತಿದ್ದೇನೆ.

ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅಲಿವೇಲು ಹಾಗೆ ಮಾಡಲಿಲ್ಲವೆಂದರೆ ಆ ಕೊನೆಯ ಸಾಲು ನಿನಗೆ ಎಲ್ಲಿ ಸಿಕ್ಕಿತು?

ಪಾನಕಾಲು


ತೆನಾಲಿ,
23 ಜುಲೈ 1986

ಭಾವ,

ಅಲಿವೇಲುವೂ ಅದನ್ನೇ ಕೇಳಿದಳು. ನಿನ್ನೆ ಧೈರ್ಯ ಮಾಡಿ ಅವಳ ಮನೆಗೆ ಹೋದೆ. ಯಾವುದೋ ದುರ್ಯೋಧನನ ಕಿರೀಟಕ್ಕೆ ಜರಿ ಹಚ್ಚುತ್ತಿದ್ದಳು. ತಲೆ ಎತ್ತದೆ, “ಕೂತ್ಕೋ ಅನ್ನಲ್ಲ ನಾನು” ಎಂದಳು. ನಿಂತೇ ಇದ್ದೆ.

“ಗವಸು ನಂದು, ಒಪ್ಕೊಂಡೆ. ಅವರು ಬಿಟ್ಟು ಹೋಗಿದ್ದೂ ನಿಜ, ಊರಿಗೇ ಗೊತ್ತು. ಅಷ್ಟು ಬರ್ಕೊಂಡಿದ್ರೆ ನಾಲ್ಕು ಬೈದು ಸುಮ್ಮನಾಗ್ತಿದ್ದೆ. ಆ ಕೊನೇ ಸಾಲು ಯಾರ್ದು? ಅದಷ್ಟು ಹೇಳು.”

“ನಂದು” ಎಂದೆ.

ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ನಿನಗೆ ಹೇಳಬಾರದೆಂದು ಹನ್ನೆರಡು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಇನ್ನು ಸಾಕು.

ನೀನು ನನಗೆಂದು ನಾವು ಚಿಕ್ಕವರಿರುವಾಗಲೇ ಅತ್ತೆಯೂ ಅಪ್ಪನೂ ಮಾತಾಡಿಕೊಂಡಿದ್ದರು. ನೀನು ಮದ್ರಾಸಿಗೆ ಕೆಲಸ ಕಲಿಯಲು ಹೋದೆ. ಎರಡು ಕಾಗದ ಬಂದವು, ಆಮೇಲೆ ನಿಂತವು. ಅಪ್ಪ ದಿನವೂ ಜಗಲಿಯಲ್ಲಿ ದಸ್ತಗಿರಿಗಾಗಿ ಕಾಯುತ್ತಿದ್ದರು. ಅವರ ಮುಖ ನೋಡಲಾರದೆ ಒಂದು ಕಾರ್ಡು ತಂದು, ‘ಕ್ಷೇಮ. ದೀಪಾವಳಿಗೆ ಬರುತ್ತೇನೆ’ ಎಂದು ನಿನ್ನ ಹಾಗೆಯೇ ಓರೆ ಅಕ್ಷರದಲ್ಲಿ ಬರೆದು, ನನ್ನ ವಿಳಾಸ ಹಾಕಿ, ಸ್ಟೇಷನ್ನಿನ ಡಬ್ಬಿಗೆ ಹಾಕಿ ಬಂದೆ. ಅಪ್ಪನಿಗಾಗಿ ಎಂದು ಆಗ ಅಂದುಕೊಂಡೆ. ಆದರೆ ದಸ್ತಗಿರಿ ಅದನ್ನು ಓದುವಾಗ ನನಗೇ ಒಂದು ಗಳಿಗೆ ನಿಜವೆನಿಸಿತು. ಮುದ್ರೆ ತೆನಾಲಿಯದೇ ಎಂಬುದು ಅವನ ಕಣ್ಣಿಗೆ ಬಿದ್ದಿರಲೇಬೇಕು. ಇವತ್ತಿನವರೆಗೂ ಯಾರೊಡನೆಯೂ ಆಡಿಲ್ಲ. ದೀಪಾವಳಿಯ ಬೆನ್ನಿಗೇ ನಿನ್ನ ಮದುವೆಯ ಕಾಗದ ಬಂತು.

ಗತಿಗೆಟ್ಟವಳು ನಾನು. ಅದನ್ನು ನನ್ನ ಹೆಸರಿನಲ್ಲಿ ಬರೆಯುವ ಧೈರ್ಯವಿಲ್ಲದೆ ಅವಳ ಗವಸಿನೊಳಗೆ ಬಚ್ಚಿಟ್ಟೆ. ಕಾರ್ಡಿನ ಕಥೆಗೆ ಕೊನೆಯಲ್ಲೊಂದು ಪೆಟ್ಟು ಬೇಕೆಂದು ನೀನೇ ಹೇಳುತ್ತೀಯಲ್ಲ. ಆ ಪೆಟ್ಟು ಅವಳಿಗೆ ಬಿತ್ತು.

ಅಲಿವೇಲು ಎಲ್ಲ ಕೇಳಿದಳು. “ನೀನು ಮಾಡಿದ್ದಕ್ಕೆ ಬೀದಿಯೋರ ಹತ್ರ ನಂಗೆ ಬೈಸಿದ್ಯಲ್ಲೇ” ಎಂದಳು. ನಾನು ಹೊರಡುವಾಗಲೂ ತಲೆ ಎತ್ತಲಿಲ್ಲ.

ಹಾಳೆ ಹರಿಯಬೇಡ, ಆ ಮುದುಕರ ಹೊಟ್ಟೆಯ ಮೇಲೆ ಹೊಡೆಯಬೇಡ. ನನ್ನ ಹೆಸರನ್ನು ಅಳಿಸುವುದೂ ಬೇಡ, ಇರಲಿ. ಕೊನೆಯ ಸಾಲಿನ ಮೇಲೆ ಮಸಿ ಬಳಿ. ಒಂದು ಪ್ರತಿಯನ್ನೂ ಬಿಡದೆ, ನೀನೇ, ನಿನ್ನ ಕೈಯಿಂದಲೇ. ಭಾನುವಾರ ನಾನು ಬರುವುದಿಲ್ಲ.

ಹೈಮ


ವಿಜಯವಾಡ,
29 ಜುಲೈ 1986

ಹೈಮಾ,

ಬಳಿದೆ. ಮಸಿ, ಕುಂಚ ಹಿಡಿದು ಶನಿವಾರ ಸಂಜೆಯವರೆಗೂ ಕೂತಿದ್ದೆ. ಅಮ್ಮ, “ನಾನೂ ಒಂದಷ್ಟು ಬಳೀತೀನಿ, ಕೊಡೋ” ಎಂದಳು. ಬೇಡವೆಂದೆ. ಬಳಿಯುವ ಮೊದಲು ಒಂದೊಂದು ಪ್ರತಿಯಲ್ಲೂ ಆ ಸಾಲು ಕಣ್ಣಿಗೆ ಬೀಳುತ್ತಿತ್ತು. ಓದದೆ ಬಳಿಯಲು ಆಗುವುದಿಲ್ಲ.

ಬಿಡುಗಡೆ ಚೆನ್ನಾಗಿ ಆಯಿತು ಎನ್ನಲು ಸಂಕಟವಾಗುತ್ತದೆ. ಹಾಲ್ ತುಂಬಿತ್ತು. ಜನ ಪುಸ್ತಕ ಕೈಗೆ ತೆಗೆದುಕೊಂಡದ್ದೇ ನಿನ್ನ ಪುಟ ತೆಗೆದು ದೀಪಕ್ಕೆ ಹಿಡಿದು ನೋಡತೊಡಗಿದರು. ಅಲ್ಲಿ ಏನಿತ್ತು, ಅಲ್ಲಿ ಏನಿತ್ತು ಎಂದು ಎಲ್ಲರದೂ ಅದೇ ಪ್ರಶ್ನೆ. ಕನ್ನಡಕದ ಮಾತಾಡಿದ್ದ ಅಂಗಡಿಯವನು ಇನ್ನೂರು ಪ್ರತಿ ಕಳಿಸಿ ಎಂದ. ನಾನು ಮೂರು ಕಾರ್ಡು ಹಾಕಿ ಮಾಡಲಾರದ ಪ್ರಚಾರವನ್ನು ನಿನ್ನ ಮಸಿ ಮಾಡಿತು. ಪತ್ರಿಕೆಯ ಗೆಳೆಯ ರಟ್ಟೆ ಹಿಡಿದು ಮೂಲೆಗೆ ಎಳೆದುಕೊಂಡು ಹೋಗಿ, “ಹೇಳೋ ಮಾರಾಯ, ನಾಳೆ ಮೊದಲ ಪುಟದಲ್ಲಿ ಹಾಕಿಸ್ತೀನಿ” ಎಂದ. “ಅಲ್ಲಿ ಒಬ್ಬರ ಸ್ವಂತ ಮಾತಿತ್ತು. ಪುಸ್ತಕಕ್ಕೆ ಸೇರಿದ್ದಲ್ಲ” ಎಂದಷ್ಟೇ ಹೇಳಿದೆ. ಎಷ್ಟು ಕೆದಕಿದರೂ ಬಾಯಿಬಿಡಲಿಲ್ಲ. ಅಷ್ಟಾದರೂ ನಂಬು.

ನೀನು ಕಾಯುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಬೇಡವೆಂದು ಎದುರು ನಿಂತು ಹೇಳಬೇಕಾಗುತ್ತದೆಯಲ್ಲ ಎಂಬ ಭಯಕ್ಕೆ ಕಾಗದ ನಿಲ್ಲಿಸಿದೆ. ಮಾವನ ಮುಖ ನೆನಪಾದಾಗಲೆಲ್ಲ ಬೇರೆ ಕೆಲಸ ಹಚ್ಚಿಕೊಂಡೆ. ಆ ಕಾರ್ಡಿನ ವಿಷಯ ಮಾತ್ರ ಗೊತ್ತಿರಲಿಲ್ಲ. ಕ್ಷಮಿಸು ಎಂದು ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಅಲಿವೇಲು ಏನಾದಳು? ತಿಳಿಸು. ತಿಳಿಸದಿದ್ದರೂ ನಾನು ಕೇಳುವಂತಿಲ್ಲ.

ಪಾನಕಾಲು


ತೆನಾಲಿ,
23 ಆಗಸ್ಟ್ 1986

ಭಾವ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಅಲಿವೇಲುವಿನ ವಿಷಯ ತೀರ್ಮಾನವಾಗದೆ ಬರೆಯಲು ನನಗೆ ಮನಸ್ಸಾಗಲಿಲ್ಲ.

ಒಂದು ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ. ಎದುರು ಬದುರು ಮನೆ, ದಿನಕ್ಕೆ ಹತ್ತು ಸಲ ಮುಖ ಕಾಣಬೇಕು. ಕಂಡರೆ ಸೆರಗು ಸರಿಪಡಿಸಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಬೀದಿಯವರು ಈಗ ಅವಳನ್ನು ಬಿಟ್ಟು ನನ್ನನ್ನು ಹಿಡಿದುಕೊಂಡಿದ್ದಾರೆ. ಕೋಟಮ್ಮನಂತೂ ನಾನು ಬರುತ್ತಿದ್ದರೆ ಸಾಕು, “ಬಾಯಿ ಮುಚ್ಕೊಳ್ರೇ, ಟೀಚರಮ್ಮ ಬಂದ್ಲು, ಬರ್ಕೊಂಡುಬಿಡ್ತಾಳೆ” ಎನ್ನುತ್ತಾಳೆ. ಅನ್ನಲಿ, ಅವಳದೇನೂ ತಪ್ಪಿಲ್ಲ.

ಒಂದು ದಿನ ಅಲಿವೇಲು ಸೈಕಲ್ ಅಂಗಡಿಗೆ ಹೋಗಿದ್ದಳಂತೆ. ಪುನ್ನಯ್ಯನೇ ನನಗೆ ಹೇಳಿದ. ಹೋದವಳೇ, “ನೀನ್ಯಾಕೆ ಅವತ್ತು ನಿನ್ನ ತಲೆ ಮೇಲೆ ಹಾಕ್ಕೊಂಡೆ?” ಎಂದು ಜಗಳಕ್ಕೆ ನಿಂತವಳಂತೆ ಕೇಳಿದಳಂತೆ. ಇವನು, “ಎಲ್ಲರೂ ನಗ್ತಿದ್ರಲ್ಲ, ಅದಕ್ಕೆ” ಎಂದನಂತೆ. ಅದಕ್ಕೆ ಅವಳು, “ಶ್ರಾವಣ ಶುಕ್ರವಾರ ಆಗಬಹುದಾ?” ಎಂದಳಂತೆ. ಹೇಳುವಾಗ ಅವನ ಕಣ್ಣು ತುಂಬಿತ್ತು. ನಾನಂತೂ ಅವನೆದುರೇ ಅತ್ತುಬಿಟ್ಟೆ.

ನಿನ್ನೆ ಶುಕ್ರವಾರ. ನನಗೆ ಕರೆ ಇರಲಿಲ್ಲ, ನಿರೀಕ್ಷೆಯೂ ಇರಲಿಲ್ಲ. ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಹನ್ನೊಂದು ಗಂಟೆಗೆ ದಸ್ತಗಿರಿ ಸೈಕಲ್ ತುಳಿದುಕೊಂಡು ಬಂದು ತರಗತಿಯ ಬಾಗಿಲಲ್ಲೇ ನಿಂತ. “ಸಾಕ್ಷಿಗೆ ಮೂರು ಜನ ಬೇಕಂತೆ ಟೀಚರಮ್ಮಾ. ನಾನಿದ್ದೀನಿ, ಕೋಟಮ್ಮ ಇದ್ದಾಳೆ. ಇನ್ನೊಬ್ಬರಿಗೆ ನಿಮ್ಮನ್ನ ಕರ್ಕೊಂಡು ಬಾ ಅಂದ್ಲು ಅಲಿವೇಲಮ್ಮ.” ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವನ ಸೈಕಲ್ಲಿನ ಹಿಂದೆ ಕೂತು ಹೋದೆ. ಊರವರು ನೋಡಿದರು, ನೋಡಲಿ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಅಲಿವೇಲು ಹೊಸ ಸೀರೆಯುಟ್ಟು ಬೆಂಚಿನ ಮೇಲೆ ಕೂತಿದ್ದಳು. ಪುನ್ನಯ್ಯನ ಉಗುರಿನ ಸಂದಿನಲ್ಲಿ ಇನ್ನೂ ಗ್ರೀಸು. ಅವರಿಬ್ಬರ ಸಹಿ ಆಯಿತು, ದಸ್ತಗಿರಿಯದು, ಕೋಟಮ್ಮನದು ಆಯಿತು. ಗುಮಾಸ್ತ ಮೂರನೆಯ ಸಾಕ್ಷಿ ಯಾರೆಂದು ಕೇಳಿದ. ಅಲಿವೇಲು ತಾನೇ ಎದ್ದು ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ನನ್ನ ಕೈಗೆ ಪೆನ್ನು ಕೊಟ್ಟಳು. ಒಂದು ತಿಂಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು:

“ಇಲ್ಲಿ ಸಹಿ ಹಾಕು ಹೈಮಾ. ಸಹಿ ಮಾತ್ರ. ಒಂದು ಸಾಲೂ ಜಾಸ್ತಿ ಬರೀಬೇಡ.”

ಹಾಕಿದೆ.

ಹೈಮವತಿ